ಹಂಡೆಯ ತಳ ಕಾಣುವ ದಿನ

ಒಂದು ಮನೆಯ ಬಚ್ಚಲ ಯೋಗ್ಯತೆ ಅಳೆಯಬೇಕೆಂದರೆ ನೀರಿಗೆ ಕೈ ಅದ್ದಿ ಬಿಸಿ ನೋಡಬೇಡಿ. ಹಂಡೆ ಡಬ್ಬು ಹಾಕಿ ಎಷ್ಟು ದಿನವಾಯಿತು ಎಂದು ಕೇಳಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹಂಡೆ ಇನ್ನೂ ಉಳಿದಿರುವ ಮನೆಗಳಲ್ಲಿ ಸಿಗುವ ಉತ್ತರ ಬಹುತೇಕ ಒಂದೇ: ಹೋದ ದೀಪಾವಳಿಗೆ. ಹೀಗೆ ಹೇಳುವವರು ನಾಚಿಕೊಳ್ಳಬೇಕಾಗಿಲ್ಲ. ವರ್ಷಕ್ಕೊಮ್ಮೆಯಾದರೂ ತಳ ಕಾಣುತ್ತದಲ್ಲ, ಗೀಸರಿನವರಿಗೆ ಅದೂ ಇಲ್ಲ.

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ಅಂದರೆ ನರಕ ಚತುರ್ದಶಿಯ ಹಿಂದಿನ ದಿನ, ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ಒಲೆ ಸಾರಿಸಿ, ಹಂಡೆ ತಿಕ್ಕಿ, ಹೊಸ ನೀರು ತುಂಬಿ, ಕೊರಳಿಗೆ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು ಪೂಜೆ ಮಾಡುವುದು. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಅದೇ ನೀರು ಹೊಯ್ದುಕೊಳ್ಳುವುದು. ಬಳ್ಳಿ, ಪಟ್ಟೆ, ಆರತಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದಕ್ಕೂ ಮುಂಚಿನ ಮಧ್ಯಾಹ್ನದ ಕೆಲಸದ ಬಗ್ಗೆ ಯಾರೂ ಬರೆಯುವುದಿಲ್ಲ. ಈ ವಾರದ ಅಂಕಣ ಆ ಮಧ್ಯಾಹ್ನಕ್ಕೆ ಮೀಸಲು.

ಹಂಡೆ ವರ್ಷವಿಡೀ ಬರಿದಾಗದಿರುವುದಕ್ಕೆ ಕಾರಣವಿದೆ. ಸ್ನಾನಕ್ಕೆ ಹೋದವರು ನಾಕು ಚರಿಗಿ ತೋಡಿಕೊಂಡು ಬರುವಾಗ ಒಂದು ಕೊಡ ಸುರಿದು ಬರಬೇಕು, ಇದು ಬಚ್ಚಲ ಕಾನೂನು. ಒಲೆಯ ಮೇಲೆ ಬರಿ ಹಂಡೆ ಇಟ್ಟರೆ ತಾಮ್ರದ ಬೆಸುಗೆ ಬಿಡುತ್ತದೆ, ಆದ್ದರಿಂದ ಕಾನೂನು ಸರಿಯೇ. ಆದರೆ ಹೀಗೆ ತೋಡುತ್ತಾ ತುಂಬುತ್ತಾ ಹೋದರೆ ಬದಲಾಗುವುದು ಮೇಲಿನ ನೀರು ಮಾತ್ರ. ತಳದಲ್ಲಿ ಕೂತದ್ದು ಕೂತೇ ಇರುತ್ತದೆ. ಎಂಬತ್ತು ಲೀಟರ್ ಹಿಡಿಯುವ ಹಂಡೆಯಲ್ಲಿ ಕೆಳಗಿನ ನಾಲ್ಕು ಬೆರಳು ಯಾವ ಕಾಲದ ನೀರು ಎಂದು ಹೇಳುವವರಿಲ್ಲ.

ಏನು ಕೂತಿರುತ್ತದೆ ಎಂಬುದು ನೀರು ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ. ಉದಾಹರಣೆಗೆ, ಮುಕ್ಕುಂದ ತುಂಗಭದ್ರೆಯ ಎಡದಂಡೆಯ ಊರು. ಹೊಳೆ ದಾಟಿದರೆ ಸಿರುಗುಪ್ಪ ಸೀಮೆ. ಇಂಥ ಊರಿನವರಿಗೆ ಹೊಳೆ ನೀರಿನ ರುಚಿ ಗೊತ್ತು, ಕಾಲುವೆ ನೀರು ಗೊತ್ತು, ಬೋರ್‌ವೆಲ್ಲಿನ ಸವುಳು ನೀರೂ ಗೊತ್ತು. ಹೊಳೆ ಮತ್ತು ಕಾಲುವೆಯ ನೀರು ಬಿಟ್ಟುಹೋಗುವುದು ವಂಡು. ನಮ್ಮ ಎರೆಮಣ್ಣಿನ ಕಣ ಎಷ್ಟು ಸಣ್ಣದೆಂದರೆ ಮಳೆಗಾಲದ ನೀರನ್ನು ರಾತ್ರಿಯಿಡೀ ಇಟ್ಟರೂ ತಿಳಿಯಾಗುವುದಿಲ್ಲ. ಪಟಿಕ ತಿರುವಬೇಕು, ಇಲ್ಲವೇ ಚಿಲ್ಲದ ಬೀಜ ತೇಯ್ದು ಹಾಕಬೇಕು. ಆದರೆ ಈ ವಂಡು ಮೆತ್ತಗಿನದು. ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ.

ಸವುಳು ನೀರಿನದು ಬೇರೆ ಕಥೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾಯುವಾಗ ಇಂಗಾಲದ ಡೈಆಕ್ಸೈಡು ಬಿಟ್ಟು, ಕರಗದ ಕಾರ್ಬೊನೇಟಾಗಿ ತಾಮ್ರಕ್ಕೆ ಅಂಟುತ್ತದೆ. ಸಕ್ಕರೆ ಉಪ್ಪುಗಳು ನೀರು ಬಿಸಿಯಾದಷ್ಟೂ ಹೆಚ್ಚು ಕರಗಿದರೆ ಈ ಸುಣ್ಣದ್ದು ತಿರುಗಾಮುರುಗಾ, ಬಿಸಿಯಾದಷ್ಟೂ ಗಟ್ಟಿ. ಬೆಂಕಿ ತಾಗುವ ತಳದಲ್ಲೇ ಅದು ದಪ್ಪ ಕಟ್ಟುವುದು ಇದೇ ಕಾರಣಕ್ಕೆ. ಬಿಳಿ ಪದರ ಶಾಖವನ್ನು ಸಲೀಸಾಗಿ ಬಿಡುವುದಿಲ್ಲ. ಮೊದಲು ಒಂದು ಹೊರೆ ಹತ್ತಿಕಟ್ಟಿಗೆಗೆ ಕಾಯುತ್ತಿದ್ದ ನೀರು ಈಗ ಒಂದೂವರೆ ಹೊರೆ ಕೇಳುತ್ತಿದ್ದರೆ ಕಟ್ಟಿಗೆ ಹಸಿಯಿದೆ ಎಂದು ಬೈಯುವ ಮುಂಚೆ ಒಳಗೆ ಕೈಯಾಡಿಸಿ ನೋಡುವುದು ಒಳ್ಳೆಯದು.

ತಳ ತೊಳೆಯದ ಹಂಡೆಯಲ್ಲಿ ನೀರು ಹಿಡಿಯುವ ಜಾಗ ಕಮ್ಮಿಯಾಗುತ್ತದೆ ಎಂಬುದನ್ನು ನಂಬದವರು ಹೊಸಪೇಟೆಯ ಕಡೆ ನೋಡಬಹುದು. 1953ರಲ್ಲಿ ನೀರು ನಿಂತ ತುಂಗಭದ್ರಾ ಜಲಾಶಯ ಆಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.79ಕ್ಕೆ ಇಳಿದಿದೆ. ಅದನ್ನು ಡಬ್ಬು ಹಾಕಿ ಹುಣಸೆಹಣ್ಣು ತಿಕ್ಕುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಬರಿದು ಮಾಡದೆ ದುರಸ್ತಿ ಮಾಡುವುದು ಹೇಗೆ ಎಂದು ಇಡೀ ಎಡದಂಡೆ ಉಸಿರು ಹಿಡಿದು ಕೂತಿತ್ತು. ಕೊನೆಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ನಮ್ಮ ಹಂಡೆಗೆ ಅಂಥ ಸಾಹಸ ಬೇಕಿಲ್ಲ, ಅರ್ಧ ದಿನ ಸಾಕು.

ಕೆಲಸಕ್ಕೆ ಬರೋಣ. ಹಂಡೆಗಳಲ್ಲಿ ಎರಡು ಜಾತಿ: ಒಲೆಯ ಮೇಲೆ ಬಿಡಿಯಾಗಿ ಕೂರುವುದು, ಒಲೆಗೆ ಕೂಡಿಸಿ ಮಣ್ಣು ಮೆತ್ತಿದ್ದು. ಬಿಡಿ ಹಂಡೆ ಹಿಂದಿನ ರಾತ್ರಿಯೇ ಒಲೆ ಆರಿಸಿ ತಣಿದಿರಬೇಕು. ಕಾದ ತಾಮ್ರಕ್ಕೆ ತಣ್ಣೀರು ಸುರಿದರೆ ಬೆಸುಗೆಯ ಸಾಲು ಬಿರಿಯುತ್ತದೆ, ಆಮೇಲೆ ತಾಂಬಟಗಾರನನ್ನು ಹುಡುಕಿಕೊಂಡು ಹೋಗಬೇಕು. ಆ ಕಸುಬಿನವರು ಈಗ ಸುಲಭಕ್ಕೆ ಸಿಗುವುದಿಲ್ಲ. ಮಣ್ಣು ಮೆತ್ತಿದ ಹಂಡೆಯನ್ನು ಎತ್ತುವಂತಿಲ್ಲ. ಚರಿಗಿಯಲ್ಲಿ ತೋಡಿ, ಕೊನೆಯ ಎರಡು ಬೆರಳಿನ ನೀರಿಗೆ ಹಳೆ ಪಂಚೆ ಅದ್ದಿ ಹಿಂಡಿ ತೆಗೆಯಬೇಕು. ಬೆನ್ನು ಮುರಿಯುವ ಕೆಲಸ. ಮನೆಯ ಗಂಡಸರು ಈ ಹೊತ್ತಿಗೆ ಸರಿಯಾಗಿ ಸಂತೆಗೆ ಹೋಗಿರುತ್ತಾರೆ ಎಂಬುದನ್ನು ನಾನು ಎಲ್ಲ ಊರಲ್ಲೂ ಗಮನಿಸಿದ್ದೇನೆ.

ತಿಕ್ಕುವುದರಲ್ಲಿ ನನ್ನದೊಂದು ತಕರಾರಿದೆ. ಹೆಚ್ಚಿನವರು ಹುಣಸೆಹಣ್ಣು, ಬೂದಿ, ಉಪ್ಪು ಮೂರನ್ನೂ ಒಟ್ಟಿಗೆ ಕಲಸಿ ಒಳಗೂ ಹೊರಗೂ ತಿಕ್ಕುತ್ತಾರೆ. ಹುಣಸೆಯದು ಹುಳಿ, ಬೂದಿಯದು ಕ್ಷಾರ. ಎರಡನ್ನೂ ಬೆರೆಸಿದರೆ ಒಂದರ ಕಸುವನ್ನು ಇನ್ನೊಂದು ತಿಂದುಹಾಕುತ್ತದೆ, ಉಳಿಯುವುದು ತೋಳಿನ ಬಲ ಮಾತ್ರ. ಹೊರಗಿನ ಮಸಿ ಜಿಡ್ಡಿನದು, ಅದಕ್ಕೆ ಬೂದಿಯೇ ಮದ್ದು. ಒಳಗಿನ ಕಿಲುಬು ಮತ್ತು ಸುಣ್ಣ ಹುಳಿಗೆ ಸೋಲುತ್ತವೆ: ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಮೇಲಿನ ಕಪ್ಪು ಹಸಿರನ್ನು ಕರಗಿಸುತ್ತದೆ, ಉಪ್ಪು ಅದಕ್ಕೆ ಕೈಜೋಡಿಸುತ್ತದೆ. ಆದ್ದರಿಂದ ಮೊದಲು ಹೊರಗೆ ಬೂದಿ, ಚೆನ್ನಾಗಿ ತೊಳೆದ ಮೇಲೆ ಒಳಗೆ ಹುಣಸೆ ಉಪ್ಪು. ಸವುಳು ದಪ್ಪ ಕಟ್ಟಿದ್ದರೆ ಹುಣಸೆಯ ರಸ ಬಳಿದು ಊಟ ಮುಗಿಸಿ ಬನ್ನಿ, ಬಂದು ಇನ್ನೊಮ್ಮೆ ಬಳಿಯಿರಿ. ಕುರ್ಪಿಯಿಂದ ಕೆರೆಯಬೇಡಿ, ತಾಮ್ರ ಮೆತ್ತಗಿನ ಲೋಹ. ಪಾಯಖಾನೆಗೆ ಹಾಕುವ ಆ್ಯಸಿಡ್ ಸುರಿಯುವವರನ್ನು ನೋಡಿದ್ದೇನೆ. ಐದು ನಿಮಿಷದಲ್ಲಿ ಸುಣ್ಣ ಹೋಗುತ್ತದೆ ನಿಜ. ಬೆಸುಗೆಯೂ ಸವೆಯುತ್ತದೆ, ಹೊಗೆ ಗಂಟಲಿಗೆ ಹೊಡೆಯುತ್ತದೆ.

ಬೂದಿಯಲ್ಲೂ ಆಯ್ಕೆಯಿದೆ. ಕುಳ್ಳಿನ ಬೂದಿ ನುಣುಪು, ಜಾಲಿಯ ಬೂದಿಗೆ ಕ್ಷಾರ ಜಾಸ್ತಿ. ಆದರೆ ಸಿಂಧನೂರಿನವರ ಅದೃಷ್ಟ ಎಂದರೆ ಭತ್ತದ ಹೊಟ್ಟಿನ ಬೂದಿ. ಕಾಲುವೆ ಬಂದ ಮೇಲೆ ಗದ್ದೆ ಬಂತು, ಗದ್ದೆಯ ಹಿಂದೆ ಆಂಧ್ರದಿಂದ ರೈತರು ಬಂದು ಕ್ಯಾಂಪುಗಳಾದವು, ರೈಸ್‌ಮಿಲ್ಲುಗಳಾದವು. ಹೊಟ್ಟು ಊರಿಗೆಲ್ಲ ಉರುವಲಾಯಿತು. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಗಾಜು ಮರಳಿನ ದ್ರವ್ಯವೇ. ಹಂಡೆಯ ಹೊರಮೈ ಮಸಿಯನ್ನು ಅದರಷ್ಟು ಚೊಕ್ಕವಾಗಿ ಎತ್ತುವ ಪುಡಿ ಅಂಗಡಿಯಲ್ಲಿಲ್ಲ. ಸೀರೆಯ ತುಂಡಿನಲ್ಲಿ ಸೋಸಿ ಬಳಸಬೇಕು, ಇಲ್ಲದಿದ್ದರೆ ಗೀರು ಬೀಳುತ್ತದೆ. ತಿಕ್ಕಿ ತೊಳೆದ ಮೇಲೆ ಒಲೆಗೇರಿಸುವ ಮುಂಚೆ ಹೊರಮೈಗೆ ತೆಳ್ಳಗೆ ಕೆಸರು ಬಳಿದರೆ ಮುಂದಿನ ವರ್ಷದ ಮಸಿ ತಾಮ್ರಕ್ಕೆ ಹತ್ತದೆ ಮಣ್ಣಿನ ಜತೆಯೇ ಉದುರುತ್ತದೆ.

ತಿಕ್ಕಿದ್ದಕ್ಕಿಂತ ತೊಳೆದದ್ದು ಹೆಚ್ಚಿರಬೇಕು. ಹುಣಸೆಯ ಹುಳಿ ಒಂದಿಷ್ಟು ಉಳಿದರೂ ಎರಡೇ ದಿನಕ್ಕೆ ಹಸಿರು ಕಿಲುಬು ಹೊಸದಾಗಿ ಏಳುತ್ತದೆ. ಮೂರು ಸಲ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ತುಸು ಹೊತ್ತು ಇಟ್ಟರೆ ತಾಮ್ರ ನಸುಗೆಂಪಾಗಿ ನಿಲ್ಲುತ್ತದೆ. ಆ ಬಣ್ಣ ಬಹಳ ದಿನ ಬಾಳುವುದಿಲ್ಲ, ಬಾಳಬೇಕಾಗಿಯೂ ಇಲ್ಲ. ಬೇಕಾದದ್ದು ಬರಿ ಲೋಹ ನೀರಿಗೆ ತಾಗುವುದು. 2012ರಲ್ಲಿ ಬೆಂಗಳೂರಿನ ಸಂಶೋಧಕರು ರೋಗಾಣು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದಾಗ ಭೇದಿ ತರುವ ಬ್ಯಾಕ್ಟೀರಿಯಾಗಳು ಉಳಿದಿರಲಿಲ್ಲ. ಸಂಜೆ ತುಂಬಿ ನಸುಕಿಗೆ ಕಾಯಿಸುವ ನಮ್ಮ ಲೆಕ್ಕ ಅದಕ್ಕಿಂತ ಕೆಲವು ತಾಸು ಕಮ್ಮಿ. ಸುಣ್ಣ ಕಟ್ಟಿದ ತಾಮ್ರದಿಂದ ಮಾತ್ರ ಈ ಉಪಕಾರ ನಿರೀಕ್ಷಿಸಬೇಡಿ. ನೀರು ತಾಗುವುದು ಸುಣ್ಣಕ್ಕೆ, ತಾಮ್ರಕ್ಕಲ್ಲ.

ಹೊರದೇಶದಲ್ಲಿ ಮಕ್ಕಳಿರುವ ಓದುಗರು ಈಗ ಹಾಟ್ ಟಬ್ ವಿಷಯ ಎತ್ತುತ್ತಾರೆ. ಹಿತ್ತಲಲ್ಲಿ ಸಾವಿರದ ಇನ್ನೂರು, ಸಾವಿರದ ಐನೂರು ಲೀಟರಿನ ತೊಟ್ಟಿ, ನಾಲ್ಕೈದು ಜನ ಕುತ್ತಿಗೆಯವರೆಗೆ ಮುಳುಗಿ ಕೂರುವುದು, ಸುತ್ತ ಗುಳುಗುಳು ಬುಗ್ಗೆ. ಇದರ ಮೂಲದಲ್ಲಿ ಒಬ್ಬ ತಂದೆಯಿದ್ದಾನೆ: ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಇಟಲಿಯ ಕ್ಯಾಂಡಿಡೊ ಜಕೂಜಿ, ಕೀಲುವಾತದ ಮಗನ ನೋವಿಗೆಂದು ಸ್ನಾನದ ತೊಟ್ಟಿಯಲ್ಲಿಡುವ ಪಂಪು ಮಾಡಿದ. ಅವನ ಕುಟುಂಬದ ಕಂಪನಿ 1956ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಸುಖ ದೊಡ್ಡದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ನೀರಿನಲ್ಲಿ ಜನ ಕೂರುತ್ತಾರೆ. ಬೆವರು, ಎಣ್ಣೆ, ಸಾಬೂನು ಎಲ್ಲ ಅದರೊಳಗೇ. 38ರಿಂದ 40 ಡಿಗ್ರಿಯ ಬಿಸಿಗೆ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಎಷ್ಟು ದಿನಕ್ಕೆ ಬರಿದು ಮಾಡಬೇಕು ಎಂಬುದಕ್ಕೆ ಅಲ್ಲೊಂದು ಸೂತ್ರವಿದೆ: ತೊಟ್ಟಿಯ ಗ್ಯಾಲನ್ನನ್ನು ಮೂರರಿಂದ ಭಾಗಿಸಿ, ದಿನಕ್ಕೆ ಮುಳುಗುವವರ ಸಂಖ್ಯೆಯಿಂದ ಮತ್ತೆ ಭಾಗಿಸಿ. 1,200 ಲೀಟರಿಗೆ, ದಿನಾ ನಾಲ್ವರಾದರೆ, ಸುಮಾರು 26 ದಿನ.

ಬರಿದು ಮಾಡುವಾಗಲೂ ಕಣ್ಣಿಗೆ ಕಾಣುವ ಗೋಡೆ ಒರೆಸಿದರೆ ಸಾಲದು. ಕೊಳೆ ಇರುವುದು ಬುಗ್ಗೆಯ ಕೊಳವೆಗಳೊಳಗೆ, ಲೋಳೆಯ ಪದರವಾಗಿ. ಅದಕ್ಕೇ ತಿಳಿದವರು ಹಳೆ ನೀರಿರುವಾಗಲೇ ಕೊಳವೆ ತೊಳೆಯುವ ದ್ರಾವಣ ಹಾಕಿ ಪಂಪು ಓಡಿಸಿ, ಎದ್ದ ನೊರೆಯನ್ನು ನೋಡಿ ಮುಖ ಸಿಂಡರಿಸಿ, ಆಮೇಲೆ ಕರೆಂಟು ತೆಗೆದು ನೀರು ಬಿಡುತ್ತಾರೆ. ಹೊಸ ನೀರನ್ನು ಫಿಲ್ಟರಿನ ಗೂಡಿನಿಂದಲೇ ತುಂಬುತ್ತಾರೆ, ಪಂಪಿನಲ್ಲಿ ಗಾಳಿ ಸಿಕ್ಕಿಕೊಳ್ಳಬಾರದೆಂದು. ಇದನ್ನೆಲ್ಲ ಅತಿ ಎನ್ನುವವರಿಗೆ 1999ರ ಫೆಬ್ರವರಿಯ ಸಂಗತಿ ಹೇಳಬೇಕು. ನೆದರ್‌ಲ್ಯಾಂಡ್ಸಿನ ಬೊವೆನ್‌ಕಾರ್ಸ್‌ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕಿಟ್ಟ ಟಬ್ ಸುಮ್ಮನೆ ಬುಗ್ಗೆ ಹಾಕುತ್ತಿತ್ತು. ಅದರ ಹನಿಗಳಲ್ಲಿ ಹಾರಿದ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾದಿಂದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಾರೂ ಟಬ್ಬಿಗೆ ಇಳಿದಿರಲಿಲ್ಲ. ಪಕ್ಕದಲ್ಲಿ ಹಾದುಹೋಗಿದ್ದರು ಅಷ್ಟೆ.

ನಮ್ಮ ಹಂಡೆಗೆ ಯಾರೂ ಇಳಿಯುವುದಿಲ್ಲ. ಮೈ ತೊಳೆದ ನೀರು ಹಂಡೆಗೆ ಮರಳುವುದಿಲ್ಲ, ಬಚ್ಚಲ ಮೋರಿ ಹಿಡಿಯುತ್ತದೆ. ನಾವು ಹಂಡೆ ಬರಿದು ಮಾಡುವುದು ಮನುಷ್ಯರ ಕೊಳೆಗಲ್ಲ, ಹೊಳೆ ಮತ್ತು ನೆಲ ಬಿಟ್ಟುಹೋದದ್ದಕ್ಕೆ. ವರ್ಷಕ್ಕೊಮ್ಮೆ ಸಾಕಾಗಿರುವುದು ಇದರಿಂದ. ಹೊಳೆ ನೀರಿನ ಮನೆಗೆ ಆ ಲೆಕ್ಕ ಸರಿ. ಬೋರಿನ ನೀರಿನ ಮನೆ ಯುಗಾದಿಗೂ ಒಮ್ಮೆ ಡಬ್ಬು ಹಾಕಬೇಕು ಎಂಬುದು ನನ್ನ ಹಟ. ಅಂದಹಾಗೆ ಹೊಳೆಯ ಮೇಲ್ಗಡೆ ಹಂಪಿಯಲ್ಲಿ ರಾಣಿಯರ ಸ್ನಾನಗೃಹ ಎಂದು ತೋರಿಸುವ ಕೊಳ ಹದಿನೈದು ಮೀಟರ್ ಚೌಕ, ಆಳ ಸುಮಾರು 1.8 ಮೀಟರ್. ಅಂದರೆ ನಾಲ್ಕು ಲಕ್ಷ ಲೀಟರ್, ಐದು ಸಾವಿರ ಹಂಡೆ. ರಾಣಿಯರ ಬಗ್ಗೆ, ತೇಲಿಬಿಟ್ಟ ಹೂಗಳ ಬಗ್ಗೆ ಗೈಡುಗಳು ಬೇಕಾದಷ್ಟು ಹೇಳುತ್ತಾರೆ. ಅದರ ಪಾಚಿ ತಿಕ್ಕಿದವರು ಯಾರು ಎಂದು ಕೇಳಿ ನೋಡಿ.

ಇನ್ನು ಹಂಡೆಯಿಲ್ಲದ ಮನೆಗಳು, ಅಂದರೆ ಈಗ ನಮ್ಮಲ್ಲಿ ಬಹುಪಾಲು. ಬಳ್ಳಿಯನ್ನು ಪ್ಲಾಸ್ಟಿಕ್ ಬಕೆಟಿಗೆ ಸುತ್ತಿ ಪೂಜೆ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನೀರು ಕಾಯುವುದು ಬೇರೆಲ್ಲೋ, ತೊಳೆಯುವುದು ಬೇರೇನನ್ನೋ ಆದರೆ ಆ ಮಧ್ಯಾಹ್ನ ವ್ಯರ್ಥ. ನೀರು ಕಾಯಿಸುವ ತಾಮ್ರದ ಬಂಬಿನ ನಳ ತಳಕ್ಕಿಂತ ಎರಡು ಬೆರಳು ಮೇಲಿರುತ್ತದೆ, ನಳ ನಿಂತಿತೆಂದರೆ ಬರಿದಾಯಿತೆಂದಲ್ಲ. ಓರೆ ಮಾಡಿ ಸುರಿಯಬೇಕು, ನಡುವಿನ ಹೊಗೆಕೊಳವೆಯ ಮಸಿ ಕೆರೆಯಬೇಕು. ಗೀಸರಿನೊಳಗಿನ ಕಾಯಿಲ್‌ಗೂ ಅದೇ ಬಿಳಿ ಸುಣ್ಣ. ಕರೆಂಟು ಬಂದ್ ಮಾಡಿ, ಬಲ್ಲವರಿಂದ ಬಿಚ್ಚಿಸಿ ತೊಳೆಸಿ, ನೀರು ಪೂರ್ತಿ ತುಂಬಿ ನಳದಲ್ಲಿ ಬಂದ ಮೇಲೆಯೇ ಸ್ವಿಚ್ ಒತ್ತಬೇಕು. ಮಾಳಿಗೆಯ ಸೋಲಾರಿನವರು ತಳದ ವಾಲ್ವ್ ಬಿಚ್ಚಿದರೆ ನಿಮ್ಮ ಬೋರಿನ ಗುಣ ಒಂದು ಬಕೆಟಿನಲ್ಲಿ ಬಂದು ಬೀಳುತ್ತದೆ. ಅದನ್ನು ಮಾತ್ರ ನಡುಹಗಲಲ್ಲಿ ಬರಿದು ಮಾಡಿ ತುಂಬಬೇಡಿ: ಬಿಸಿಲಿಗೆ ಕಾದ ಖಾಲಿ ಗಾಜಿನ ಕೊಳವೆಗಳಿಗೆ ತಣ್ಣೀರು ಬಿದ್ದರೆ ಪಟಪಟನೆ ಒಡೆಯುತ್ತವೆ. ಹೊತ್ತು ಮುಳುಗಿದ ಮೇಲೆ, ಕೊಳವೆ ತಣಿದ ಮೇಲೆ ತುಂಬಿ.