ಸುರಕ್ಷಾ ತಂತಿ

ಅಮೆರಿಕದ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಬಿಡಿಭಾಗಗಳನ್ನು ಜೋಡಿಸಿ ನಿರ್ಮಿಸುವ ಕಿಟ್ ವಿಮಾನಗಳಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಮಿಗಿಲಾಗಿ ಸೆಳೆಯುವುದು, ಬೋಲ್ಟುಗಳ ತಲೆಯಲ್ಲಿ ಕೊರೆದ ರಂಧ್ರಗಳ ಮೂಲಕ ಹಾಯುವ 0.032 ಅಂಗುಲ ದಪ್ಪದ ಉಕ್ಕಿನ ತಂತಿ. ಎಂಜಿನ್ನಿನ ಅವಿರತ ಕಂಪನದಿಂದ ಒಂದು ಬೋಲ್ಟು ಸಡಿಲಗೊಳ್ಳಲು ತೊಡಗಿದೊಡನೆ ಅದರ ಜೊತೆಯದನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತೆ, ಅಂಗುಲಕ್ಕೆ ಆರೆಂಟು ಸುತ್ತುಗಳಾಗಿ ಹೊಸೆದು, ಕೈಗೆ ಚುಚ್ಚದಂತೆ ತುದಿಯನ್ನು ಒಳಕ್ಕೆ ಮಡಚುವ ಈ ಕೌಶಲದಲ್ಲಿ ಎಂಥ ವಿವೇಕವಿದೆ! ಹೊಸೆತ ಅತಿಯಾದರೆ ತಂತಿಯೇ ದುರ್ಬಲವಾಗುವುದು. ಇಕ್ಕಳದ ಆಳವಾದ ಗೀರು ಬಿದ್ದರೂ ಅದನ್ನು ಕತ್ತರಿಸಿ ಬಿಸುಟು ಮೊದಲಿನಿಂದ ತೊಡಗತಕ್ಕದ್ದು. ಹೀಗೆ ಕಟ್ಟಿ ಮುಗಿಸಿದ ವಿಮಾನವನ್ನು ಪರೀಕ್ಷಕರು ನೋಡಿಹೋದ ಮೇಲೂ, ಸಾಮಾನ್ಯವಾಗಿ 25 ಇಲ್ಲವೆ 40 ಗಂಟೆಗಳ ಪರೀಕ್ಷಾ ಹಾರಾಟ ಮುಗಿಯುವವರೆಗೆ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಅದು ತಕ್ಕ ನಿಯಮವೆಂದೇ ನನ್ನ ದೃಢವಾದ ಅಭಿಪ್ರಾಯ.