ಕಂಬದ ಮೇಲಿನ ಹೆಸರು

ವಿಜಯನಗರ ಜಿಲ್ಲೆಯ ನಮ್ಮ ಪಶ್ಚಿಮ ತಾಲ್ಲೂಕುಗಳಲ್ಲಿ ಹರೆಯದ ಹುಡುಗರು ಗೀಚುವ ಜಾಗಗಳು ಎಲ್ಲರಿಗೂ ಗೊತ್ತು: ಬಸ್ಸಿನ ಸೀಟು, ಕಾಲೇಜಿನ ಡೆಸ್ಕು, ನೀರಿನ ಟ್ಯಾಂಕಿನ ಬುಡ, ಊರಾಚೆಯ ಗುಂಡು, ಕೊನೆಗೆ ಹಳೆಯ ಗುಡಿಯ ಕಂಬ. ಗೀಚುವುದೂ ಗೊತ್ತಿದ್ದದ್ದೇ. ಎರಡು ಇಂಗ್ಲಿಷ್ ಅಕ್ಷರ, ನಡುವೆ ಬಾಣ ಚುಚ್ಚಿದ ಹೃದಯ, ಕೆಳಗೆ ಇಸವಿ. ಇಲ್ಲವಾದರೆ ಹೀರೊನ ಹೆಸರು, ಅದರ ಹಿಂದೆ ಒಂದು ‘ಬಾಸ್’. ಇದು ಕಲೆಯೋ ಕಿಡಿಗೇಡಿತನವೋ ಎಂದು ವಾದಕ್ಕಿಳಿಯುವವರು ಮೊದಲು ಕೇಳುವುದು ಅನುಮತಿ ಇತ್ತೇ ಎಂದು. ಅದು ಪೊಲೀಸರು ಕೇಳಬೇಕಾದ್ದು. ಗೀಚಿದ್ದನ್ನು ಕೃತಿಯೆಂದು ಓದಲು ಹೊರಟವನು ಕೇಳಬೇಕಾದ್ದು ಬೇರೆ: ಬರೆದವನು ತಾನು ಬರೆದ ಮೈಯನ್ನು ಒಮ್ಮೆಯಾದರೂ ನೋಡಿದ್ದಾನೆಯೇ?

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಲ್ಲಿ ಕಲ್ಲೇಶ್ವರನ ಗುಡಿ ಇದೆ. 987ರಲ್ಲಿ ದುಗ್ಗಿಮಯ್ಯ ಕಟ್ಟಿಸಿದ್ದು. ಕಲ್ಲು ಬಳಪದ ಕಲ್ಲು. ತುಂಗಭದ್ರೆಯ ದಂಡೆಯ ಕುರುವತ್ತಿಯಲ್ಲಿ ಮದನಿಕೆಯರ ಒಡವೆಯ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುವುದಕ್ಕೆ, ಚಾಲುಕ್ಯರ ಕಾಲದ ಕಂಬಗಳು ಚರಕಿಯಲ್ಲಿ ತಿರುಗಿಸಿದ ಹಾಗೆ ನುಣುಪಾಗಿರುವುದಕ್ಕೆ ಇಂಥ ಮೆದು ಕಲ್ಲೇ ಕಾರಣ. ಆ ಮೆದುತನವೇ ಇವತ್ತು ಕಂಬಕ್ಕೆ ಮುಳುವಾಗಿದೆ. ಬೈಕಿನ ಕೀಲಿಕೈಗೂ ಅದು ಬಗ್ಗುತ್ತದೆ. ಗೀಚಿದ ಜಾಗದಲ್ಲಿ ಕಪ್ಪು ಮೆರುಗು ಎದ್ದುಹೋಗಿ ಬೂದು ಬಿಳುಪಿನ ಗೆರೆ ಉಳಿಯುತ್ತದೆ. ಆ ಗೆರೆಯನ್ನು ಹತ್ತಿರದಿಂದ ನೋಡಿ. ಕಂಬದ ದುಂಡು ಎಲ್ಲಿ ತಿರುಗುತ್ತದೋ ಅಲ್ಲಿ ಕೀಲಿಕೈ ಜಾರಿ, ಹೃದಯದ ಒಂದು ಮಗ್ಗುಲು ಕಿತ್ತುಹೋಗಿರುತ್ತದೆ. ಸಾವಿರ ವರ್ಷದ ಹಿಂದಿನ ಉಳಿಗೆ ಗೊತ್ತಿದ್ದ ತಿರುವು ಈ ಕೈಗೆ ಗೊತ್ತೇ ಆಗಿಲ್ಲ. ಕಾನೂನನ್ನು ಪಕ್ಕಕ್ಕಿಟ್ಟರೂ, ಬರೀ ಕೈಚಳಕದ ಲೆಕ್ಕದಲ್ಲಿ ಇದು ಸೋತ ಕೆಲಸ.

ಚುರುಕಿನ ಹುಡುಗನೊಬ್ಬ ಇಲ್ಲಿ ತಿರುಗಿ ಕೇಳಬಹುದು: ‘ಅವರು ಬರೆದ್ರೆ ಶಾಸನ, ನಾವು ಬರೆದ್ರೆ ಕೇಸಾ ಸಾರ್?’ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಬಂದುಹೋದ ಯಾತ್ರಿಕರು ಕೆತ್ತಿದ ಹೆಸರುಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ ಶಾಸನಗಳ ಸಾಲಿಗೇ ಸೇರಿಸಿದೆ. ಆದರೆ ಅವರಲ್ಲಿ ಬಹಳ ಜನ ಬರೆದದ್ದು ಬರಿಯ ಹಾಸುಬಂಡೆಯ ಮೇಲೆ, ಇನ್ನೊಬ್ಬರ ಕೆತ್ತನೆಯ ಎದೆಯ ಮೇಲಲ್ಲ. ಇದಕ್ಕಿಂತ ಒಳ್ಳೆಯ ಉತ್ತರ ಶ್ರೀಲಂಕಾದ ಸಿಗಿರಿಯದಲ್ಲಿದೆ. ಅಲ್ಲಿನ ಕನ್ನಡಿಗೋಡೆಯ ಗಾರೆಯ ಮೇಲೆ ಎಂಟರಿಂದ ಹತ್ತನೆಯ ಶತಮಾನದ ಪ್ರವಾಸಿಗರು ಗೀಚಿದ 685 ಪದ್ಯಗಳನ್ನು ಸೇನರತ್ ಪರಣವಿತಾನರು 1956ರಲ್ಲಿ ಪ್ರಕಟಿಸಿದರು. ಗೀಚಿದವರಲ್ಲಿ ಬಹುಪಾಲು ಜನ ಮೇಲಿನ ಬಂಡೆಯಲ್ಲಿ ಚಿತ್ರಿಸಿದ ಹೆಂಗಸರನ್ನು ನೋಡಿ, ಅವರನ್ನೇ ಕುರಿತು ಬರೆದಿದ್ದಾರೆ. ಗೀಚುವುದು ಅಲ್ಲಿ ನೋಡುವುದರ ಮುಂದುವರಿಕೆ. ನಮ್ಮ ಕಂಬದ ಮೇಲೆ ಹೃದಯ ಕೊರೆದವನಿಗೆ ಕಂಬ ಕಂಡಿಲ್ಲ, ಅವನಿಗೆ ಖಾಲಿ ಜಾಗ ಕಂಡಿದೆ.

2019ರ ಫೆಬ್ರುವರಿಯಲ್ಲಿ ಹಂಪಿಯ ಕಂಬವನ್ನು ಯುವಕರು ನೂಕಿ ಕೆಡವಿದ ವಿಡಿಯೊ ಹರಿದಾಡಿತಲ್ಲ, ಅದು ಗೀಚುವುದಕ್ಕಿಂತ ದೊಡ್ಡ ಅಪರಾಧ, ನಿಜ. ಆದರೆ ಕುರುಡು ಅದೇ ಜಾತಿಯದು. ಹೊಸಪೇಟೆಯ ನ್ಯಾಯಾಲಯ ನಾಲ್ವರಿಗೂ ತಲಾ 70,000 ರೂಪಾಯಿ ದಂಡ ಹಾಕಿತು; ಅದರ ಜೊತೆಗೆ ಕೆಡವಿದ ಕಂಬಗಳನ್ನು ಮತ್ತೆ ನಿಲ್ಲಿಸಲೂ ಹೇಳಿತು. 1958ರ ಸ್ಮಾರಕ ಕಾಯ್ದೆಯಲ್ಲಿ ಎರಡು ವರ್ಷದ ಸೆರೆಗೂ ಲಕ್ಷ ರೂಪಾಯಿ ದಂಡಕ್ಕೂ ಅವಕಾಶವಿದೆ. ನನಗೆ ಮೆಚ್ಚುಗೆಯಾದದ್ದು ಆ ‘ನಿಲ್ಲಿಸಿ’ ಎಂಬ ಆದೇಶವೇ. ಕಂಬದ ಭಾರ ತೋಳಿಗೆ ಗೊತ್ತಾಗಬೇಕಿತ್ತು.

ಹಾಗೆಂದು ಅನುಮತಿಯಿಲ್ಲದ್ದೆಲ್ಲ ಹಾಳು ಕೆಲಸವಲ್ಲ. ಮೈಸೂರಿನ ಕಲಾಶಾಲೆ ಕಾವಾದಲ್ಲಿ ಓದಿದ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳ ಮಾಡಿ ಅದರಲ್ಲಿ ಮೊಸಳೆ ಬಿಟ್ಟರು. ಗುಂಡಿ ಇಲ್ಲದಿದ್ದರೆ ಆ ಕೃತಿಯೇ ಇಲ್ಲ. ನಮ್ಮಲ್ಲಿ ರಸ್ತೆಗುಂಡಿಗೇನು ಬರವಿಲ್ಲ. ಮೊಸಳೆಗಳು ಮಾತ್ರ ಇನ್ನೂ ಬಂದಿಲ್ಲ.

ಅನುಮತಿ ಪಡೆದ ಗೋಡೆಗಳ ಗತಿ ನೋಡೋಣ. ಬಿಬಿಎಂಪಿ 2009ರಲ್ಲಿ ಬೆಂಗಳೂರಿನ ಕಾಂಪೌಂಡುಗಳ ಮೇಲೆ ಪಾರಂಪರಿಕ ತಾಣಗಳನ್ನು ಬರೆಸಿದ ಮೇಲೆ ಆ ಚಾಳಿ ಊರೂರಿಗೂ ಹಬ್ಬಿತು. ರೈಲುಬೋಗಿಯಾದ ಶಾಲೆ, ಹನಿಹನಿ ಉಳಿಸುವ ನಲ್ಲಿ, ನಗುವ ಭೂಮಿ, ಪುಸ್ತಕ ಹಿಡಿದ ಹುಡುಗಿ. ಮಕ್ಕಳಿಗೆ ಖುಷಿಯಾಗುತ್ತದೆ, ಇಲ್ಲವೆನ್ನಲಾರೆ. ಆದರೆ ಹದಿನಾರರ ಹುಡುಗನಿಗೆ ಅದರಲ್ಲಿ ಏನಿದೆ? ವಿಷಯವನ್ನು ಹಿರಿಯರು ಕೊಡುತ್ತಾರೆ, ಹುಡುಗರು ಬಣ್ಣ ತುಂಬುತ್ತಾರೆ. ಯಾವ ಊರಿನ ಗೋಡೆಯನ್ನು ಯಾವ ಊರಿಗೆ ಎತ್ತಿಟ್ಟರೂ ನಡೆಯುತ್ತದೆ. ಅದೂ ಗೋಡೆಯನ್ನು ನೋಡದ ಚಿತ್ರವೇ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ನಂತರ ನಮ್ಮ ಜಿಲ್ಲೆಯ ಗೋಡೆಗಳಲ್ಲಿ, ಆಟೊಗಳ ಬೆನ್ನಲ್ಲಿ ಮೂಡಿದ ಅಪ್ಪು ಮುಖಗಳನ್ನು ಇವುಗಳಿಗಿಂತ ಮೇಲಿಡುತ್ತೇನೆ. ಅವೂ ಫೋಟೊ ನೋಡಿ ಇಳಿಸಿದವೇ, ಎಷ್ಟೋ ಕಡೆ ಮೂಗು ಅವರದಲ್ಲ. ಆದರೂ ಬರೆದವನಿಗೆ ಬರೆಯಲೇಬೇಕೆನಿಸಿತ್ತು.

ಇನ್ನು ಗೋಡೆ ಕೆಡಿಸುವವರಿಗೆಂದೇ ರಾಜ್ಯದಲ್ಲಿ 1981ರ ವಿರೂಪ ತಡೆ ಕಾಯ್ದೆ ಇದೆ. ಅದರ ದಂಡ ಸಾವಿರ ರೂಪಾಯಿಯವರೆಗೆ, ಸೆರೆ ಆರು ತಿಂಗಳವರೆಗೆ. ಆದರೆ ನಮ್ಮ ಗೋಡೆಗಳನ್ನು ಹೆಚ್ಚು ಕೆಡಿಸಿದವರು ಯಾರು ಎಂದು ಕೇಳಿದರೆ ಯಾವ ಹುಡುಗನ ಹೆಸರೂ ಮೊದಲು ಬರುವುದಿಲ್ಲ. ಸಿಮೆಂಟು, ಬೀಜ, ಕೋಚಿಂಗು, ಮೂಲವ್ಯಾಧಿ ಚಿಕಿತ್ಸೆ, ಚುನಾವಣೆ ಬಂತೆಂದರೆ ಚಿಹ್ನೆ.

ನ್ಯೂಯಾರ್ಕಿನಲ್ಲಿ 1971ರ ಹೊತ್ತಿಗೆ ‘ಟಾಕಿ 183’ ಎಂದು ಎಲ್ಲೆಂದರಲ್ಲಿ ಬರೆದು ಪತ್ರಿಕೆಗೆ ಸುದ್ದಿಯಾದವನೂ ಹದಿಹರೆಯದ ಹುಡುಗನೇ, ಅವನೂ ಬರೆದದ್ದು ಬರೀ ಹೆಸರು. ಆದರೆ ಅವನ ಬೆನ್ನಿಗೆ ಬಂದವರು ಅಕ್ಷರದ ಮೇಲೆ ಜಿದ್ದಿಗೆ ಬಿದ್ದರು. ಅಕ್ಷರ ಉಬ್ಬಿತು, ಬಾಗಿತು, ಬಣ್ಣ ತುಂಬಿಕೊಂಡಿತು. ನಮ್ಮ ಹುಡುಗರ ಗೀಚು ಅಲ್ಲಿಗೆ ಹೋಗಲಿಲ್ಲ. ಕಾರಣ ಪುಂಡತನವಲ್ಲ, ಅಕ್ಷರ ಕಲಿಸುವ ಕೈಗಳು ಹೋದದ್ದು. ಫ್ಲೆಕ್ಸ್ ಬರುವ ಮುನ್ನ ಪೇಟೆಗೊಬ್ಬ ಬೋರ್ಡು ಬರೆಯುವ ಆರ್ಟಿಸ್ಟ್ ಇದ್ದ, ಅವನ ಹಿಂದೆ ಡಬ್ಬಿ ಹಿಡಿದ ಇಬ್ಬರು ಹುಡುಗರಿದ್ದರು. ‘ಕೊಟ್ಟೂರು’ ಎಂದು ಆಳೆತ್ತರ ಬರೆಯುವವನಿಗೆ ಟಕಾರದ ಒತ್ತಿಗೆ ಕೆಳಗೆ ಎಷ್ಟು ಜಾಗ ಬಿಡಬೇಕು, ಕೊಂಬಿನ ದೀರ್ಘ ಬಲಕ್ಕೆ ಎಷ್ಟು ಎಳೆಯುತ್ತದೆ ಎಂಬುದು ಮೊದಲ ಗೆರೆಗೂ ಮುಂಚೆ ಗೊತ್ತಿರಬೇಕು. ಎರಡು ಇಂಗ್ಲಿಷ್ ಅಕ್ಷರಕ್ಕೆ ಆ ಲೆಕ್ಕ ಬೇಕಾಗಿಲ್ಲ. ಆ ಹಳೆಯ ಆರ್ಟಿಸ್ಟರಲ್ಲಿ ಕೆಲವರು ಇನ್ನೂ ಇದ್ದಾರೆ, ಕೆಲಸವಿಲ್ಲದೆ. ಜಾಗೃತಿ ಚಿತ್ರಗಳಿಗೆ ಸುರಿಯುವ ಬಣ್ಣದ ದುಡ್ಡಿನಲ್ಲಿ ಅವರಿಗೊಂದು ಸಂಬಳ ಕೊಟ್ಟು, ಹಗರಿಬೊಮ್ಮನಹಳ್ಳಿಯಲ್ಲೋ ಕೂಡ್ಲಿಗಿಯಲ್ಲೋ ಒಂದು ಕಾಲೇಜು ಕಾಂಪೌಂಡು ಬಿಟ್ಟುಕೊಡಲಿ. ಏನು ಬರೆಯಬೇಕೆಂದು ಮಾತ್ರ ಯಾರೂ ಹೇಳಬಾರದು.