ಉಪಾಧ್ಯಾಯರ ಧ್ಯೇಯವಾಕ್ಯದಲ್ಲಿ ಕಾರಕವಿಚಾರ

ತರಗತಿಯಲ್ಲಿ ಯಂತ್ರೋಪಕರಣಗಳ ಬಳಕೆಯನ್ನು ಕುರಿತು ಉಪಾಧ್ಯಾಯರು ತಮ್ಮ ವೃತ್ತಿಧ್ಯೇಯವನ್ನು ಬರೆದಿಡುವ ಪದ್ಧತಿಯು ಈಗ ಎಲ್ಲೆಡೆಯಲ್ಲಿಯೂ ರೂಢಿಗೆ ಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯನೂ ವರ್ಷಕ್ಕೆ ಕನಿಷ್ಠಪಕ್ಷ 50 ಗಂಟೆಗಳನ್ನು ವೃತ್ತಿವಿಕಾಸಕ್ಕೆ ವಿನಿಯೋಗಿಸಬೇಕೆಂದು ನಿರೀಕ್ಷಿಸಿದ ಮೇಲೆ ಇಂತಹ ಬರಹದ ಪ್ರಸಕ್ತಿಯು ಹೆಚ್ಚಿದೆ. ಅದರ ಉದ್ದೇಶವನ್ನು ಯಾರೂ ಆಕ್ಷೇಪಿಸಲಾರರು. ಪ್ರಕೃತ ವಿಮರ್ಶೆಗೆ ವಿಷಯವಾಗತಕ್ಕದ್ದು ಅದರ ವಾಕ್ಯರಚನೆ.

“ಈ ವರ್ಷ ತರಗತಿಯಲ್ಲಿ ಗಣಕಯಂತ್ರವನ್ನು ಬಳಸುವೆನು” ಎಂಬುದು ಇಂತಹ ಧ್ಯೇಯಗಳ ಸಾಮಾನ್ಯವಾದ ರೂಪ. ಇಲ್ಲಿ ಕರ್ತೃ ಉಪಾಧ್ಯಾಯ, ಕರ್ಮ ಯಂತ್ರ. ವಿದ್ಯಾರ್ಥಿಗೆ ಯಾವ ವಿಭಕ್ತಿಯೂ ದೊರೆತಿಲ್ಲ. ಆದರೆ ಉಪಾಧ್ಯಾಯನ ಕೆಲಸಕ್ಕೆ ಕನ್ನಡವು ಕೊಟ್ಟಿರುವ ಧಾತುವೇ ಬೇರೆ. ‘ಕಲಿ’ ಎಂಬುದಕ್ಕೆ ‘ಇಸು’ ಪ್ರತ್ಯಯವು ಸೇರಿ ‘ಕಲಿಸು’ ಎಂದಾಗುವುದು, ಅದು ಪ್ರೇರಣಾರ್ಥಕ. ಕಲಿಯುವ ಕರ್ತೃವು ಮಗು, ಗುರುವು ಪ್ರೇರಕನು ಮಾತ್ರ. “ಮಕ್ಕಳಿಗೆ ಪಾಠವನ್ನು ಯಂತ್ರದಿಂದ ಕಲಿಸುವೆನು” ಎಂದಾಗ ಪಾಠವು ಕರ್ಮ, ಯಂತ್ರವು ಕರಣ, ಮಕ್ಕಳಿಗೆ ಚತುರ್ಥಿ. ಕರಣವಾಗಬೇಕಾದುದು ಕರ್ಮದ ಪೀಠವನ್ನೇರಿ ಕುಳಿತುದೇ ಮೊದಲಿನ ವಾಕ್ಯದ ದೋಷ. (ನಮ್ಮ ಭಾಷೆಯಲ್ಲಿ ‘ಬಳಸು’ ಎಂದರೆ ಸುತ್ತಿಹೋಗು ಎಂಬ ಅರ್ಥವೂ ಉಂಟೆಂಬುದನ್ನು ಇಲ್ಲಿ ನೆನೆಯಬಹುದು.)

ಇದು ವೈಯಾಕರಣರ ಒಣಚರ್ಚೆಯೆಂದು ಕೆಲವರು ಹೇಳಬಹುದು. ಮೈಸೂರಿನ ಅಶೋಕಪುರಂನಲ್ಲಿ ನಿಂತು ನೋಡಿದರೆ ಹಾಗೆ ತೋರದು. ಅಲ್ಲಿಯ ರೈಲ್ವೆ ಕಾರ್ಯಾಗಾರದಲ್ಲಿ ಉಪಕರಣಗಳು ಹೇರಳವಾಗಿದ್ದರೂ, ಕುಶಲಕರ್ಮಿಯು ಅವನ್ನು ಕೈಯಲ್ಲಿ ಹಿಡಿದುದೇ ಕೆಲಸವೆಂದು ಯಾರೂ ಎಣಿಸರು. ದುರಸ್ತಾದ ಗಾಡಿಯು ಹಳಿಯ ಮೇಲೆ ಓಡಬೇಕು. ಅದೇ ಬಡಾವಣೆಗೆ ಹಿಂದೆ ಆದಿಕರ್ನಾಟಕಪುರವೆಂಬ ಹೆಸರಿದ್ದಿತು. ಶಾಲೆಯ ಬಾಗಿಲು ಯಾರಿಗೆ ತಡವಾಗಿ ತೆರೆಯಿತೋ ಅಂತಹವರ ಮಕ್ಕಳು ಓದುವ ಕಡೆ ಮಗುವಿಗೆ ವಿಭಕ್ತಿಯಿಲ್ಲದ ವಾಕ್ಯವು ವ್ಯಾಕರಣದ ತಪ್ಪಷ್ಟೇ ಆಗಿ ಉಳಿಯುವುದಿಲ್ಲ.

ಅಶೋಕಪುರಂ ನಿಲ್ದಾಣದ ಮೂಲಕ ಹಾದುಹೋಗುವ ಮಾರ್ಗದ ತುದಿಯಲ್ಲಿ ಚಾಮರಾಜನಗರವಿದೆ. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹವು ಗಗನಕ್ಕೇರಿದ ತರುವಾಯ, ಆ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠಗಳು ಪ್ರಸಾರವಾದುವು. ಪಾಠವು ನಿಯತಕಾಲದಲ್ಲಿ ಬರುವುದು. ಶಾಲೆಯಲ್ಲಿದ್ದುದು ಗ್ರಾಹಕಯಂತ್ರ ಮಾತ್ರ. ಮಗುವಿಗೆ ಸಂಶಯ ಹುಟ್ಟಿದರೆ ಪ್ರಶ್ನೆಯು ಮೇಲಕ್ಕೆ ಹೋಗಲು ದಾರಿಯಿಲ್ಲ. ಅದಕ್ಕೆ ಉತ್ತರ ಹೇಳಬೇಕಾದವನು ತರಗತಿಯಲ್ಲಿ ನಿಂತಿದ್ದ ಉಪಾಧ್ಯಾಯನೇ. ಯೋಜನೆಯ ವಾಕ್ಯದಲ್ಲಿ ಅವನ ಸ್ಥಾನವು ಗೌಣ. 2010ರಲ್ಲಿ ಆ ಉಪಗ್ರಹವು ಸೇವೆಯಿಂದ ನಿವೃತ್ತವಾಯಿತು.

ಇದಕ್ಕೂ ಬಹಳ ಹಿಂದೆ ಮೈಸೂರಿನಲ್ಲಿಯೇ ಇನ್ನೊಂದು ಪ್ರಯೋಗ ನಡೆದಿದ್ದಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ‘ವಿಠ್ಠಲ ವಿಹಾರ’ದಲ್ಲಿ ಪುಟ್ಟದೊಂದು ಬಾನುಲಿ ಪ್ರೇಷಕವನ್ನು ನಿಲ್ಲಿಸಿ ‘ಆಕಾಶವಾಣಿ’ಯನ್ನು ಆರಂಭಿಸಿದರು. ಅಧ್ಯಾಪಕನೊಬ್ಬನು ಯಂತ್ರವನ್ನು ತಾನೇ ಅರಸಿಕೊಂಡು ಹೋದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಕನ್ನಡನಾಡಿನಲ್ಲಿ ವಿರಳ. ಇಲ್ಲಿ ಹೇಳಬೇಕಾದ ಮಾತು ಮೊದಲು, ಯಂತ್ರ ಆಮೇಲೆ. ಆದರೆ ಗ್ರಾಹಕಯಂತ್ರವಿಲ್ಲದ ಮನೆಗೆ ಆ ವಾಣಿಯೂ ಮುಟ್ಟುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ಈ ನ್ಯೂನತೆಯನ್ನು ಎದುರಿಸಿದ ಯೋಜನೆಯೆಂದರೆ 2020ರ ಆಗಸ್ಟಿನಲ್ಲಿ, ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದಾಗ, ರಾಜ್ಯದಲ್ಲಿ ನಡೆದ ‘ವಿದ್ಯಾಗಮ’. ಯಾವ ಮಗುವಿನ ಮನೆಯಲ್ಲಿ ಏನಿದೆ ಎಂಬುದನ್ನು ಅದು ಮೊದಲು ಕೇಳಿತು. ಏನೂ ಇಲ್ಲದವರು, ಸಾಮಾನ್ಯ ದೂರವಾಣಿಯುಳ್ಳವರು, ಅಂತರ್ಜಾಲವುಳ್ಳವರು ಎಂದು ವಿಭಾಗಿಸಿ, ಏನೂ ಇಲ್ಲದವರ ಬಳಿಗೆ ಉಪಾಧ್ಯಾಯರೇ ನಡೆದುಹೋಗಿ ಗುಡಿಯ ಜಗಲಿಯಲ್ಲಿಯೋ ಮರದ ನೆರಳಿನಲ್ಲಿಯೋ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಅಪಾಯದ ಹೊರೆಯೆಲ್ಲವೂ ಉಪಾಧ್ಯಾಯರ ಮತ್ತು ಬಡಮಕ್ಕಳ ಮೇಲೆಯೇ ಬಿದ್ದುದು ಯೋಜನೆಯ ಗುರುತರವಾದ ದೋಷ. ಆದರೂ ಅದರ ಧ್ಯೇಯದಲ್ಲಿ ಚತುರ್ಥಿಗೆ ಸ್ಥಾನವಿದ್ದಿತು.

ಯಂತ್ರಜ್ಞಾನವೇ ಇಲ್ಲದವನು ಅದರಿಂದ ಕಲಿಸುವುದೆಂತು ಎಂಬ ಪೂರ್ವಪಕ್ಷವು ನ್ಯಾಯವಾದುದೇ. ಕನ್ನಡ ಅಧ್ಯಾಪಕನಿಗಂತೂ ಯಂತ್ರದ ಮರ್ಮವು ಸ್ವಲ್ಪ ತಿಳಿದಿರಲೇಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಪಾಠವು ಯೂನಿಕೋಡಿಗೆ ಪರಿವರ್ತನೆಯಾಗದೆ ಇದ್ದರೆ, ಆ ಶೈಲಿಯಿಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಗೀಟುಗಳಾಗಿ ತೋರುವುದು, ಮಗು ಓದಲಾರದು. ಆದರೆ ಇಲ್ಲಿಯೂ ಕಲಿಯಬೇಕಾದುದು ಎಷ್ಟೆಂಬುದನ್ನು ಗೊತ್ತುಮಾಡತಕ್ಕದ್ದು ಮಗುವಿನ ಓದೇ.

“ಎಂಟನೆಯ ತರಗತಿಯ ಮಕ್ಕಳಿಗೆ ಷಟ್ಪದಿಯನ್ನು ಪದಚ್ಛೇದ ತಪ್ಪದಂತೆ ಓದುವುದನ್ನು, ಅವರ ಧ್ವನಿಯನ್ನು ಮುದ್ರಿಸಿ ಅವರಿಗೇ ಕೇಳಿಸುವುದರಿಂದ, ಕಲಿಸುವೆನು” ಎಂದು ಒಬ್ಬ ಉಪಾಧ್ಯಾಯನು ಬರೆದನೆನ್ನೋಣ. ವಾಕ್ಯವು ಉದ್ದವಾಯಿತು, ನಿಜ. ಆದರೆ ಪಾದದ ಕೊನೆಯಲ್ಲಿ ಒಡೆದ ಪದವನ್ನು ಮಗು ಎಲ್ಲಿ ತಪ್ಪಾಗಿ ನಿಲ್ಲಿಸಿತೆಂಬುದನ್ನು ಅದೇ ಕೇಳಿ ತಿದ್ದಿಕೊಳ್ಳಬಹುದು. ವರ್ಷಾಂತ್ಯದಲ್ಲಿ ಮೊದಲ ಮುದ್ರಣವನ್ನೂ ಕಡೆಯದನ್ನೂ ಒಟ್ಟಿಗೆ ಕೇಳಿ, ಧ್ಯೇಯವು ಸಿದ್ಧಿಸಿತೋ ಇಲ್ಲವೋ ಪರೀಕ್ಷಿಸಬಹುದು. ಇದಕ್ಕೆ ಇಡೀ ತರಗತಿಗೆ ಒಂದು ದೂರವಾಣಿ ಸಾಕು. ಅದು ಉಪಾಧ್ಯಾಯನದೇ ಆಗಿರಬಹುದು.